ಚಲನೆಯ ಪಾಠಕ್ಕೆ ಗೋಲಿ, ಸ್ಕೇಲು, ಸ್ಪ್ರಿಂಗ್ ತಕ್ಕಡಿ ಬೇಕು

ಮಾನ್ಯರೇ,

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಚಲನೆ, ಬಲ ಮತ್ತು ಚಲನೆಯ ನಿಯಮಗಳು, ಗುರುತ್ವ ಎಂಬ ಅಧ್ಯಾಯಗಳು ಒಂದರ ಬೆನ್ನಿಗೊಂದು ಬರುತ್ತವೆ. ಪರೀಕ್ಷೆ ಹತ್ತಿರವಾದಂತೆ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲೂ ಅಂಗಡಿಯ ಗೈಡುಗಳಲ್ಲೂ ಇವುಗಳ ಪ್ರಶ್ನೋತ್ತರ ಅಚ್ಚಾಗುವುದು ವಾಡಿಕೆ. ಅವುಗಳಲ್ಲಿ ವರ್ಷ ವರ್ಷವೂ ತಲೆ ಹಾಕುವ ಒಂದು ಉತ್ತರವಿದೆ: ಮೇಜಿನ ಮೇಲಿರುವ ಪುಸ್ತಕದ ತೂಕ ಕ್ರಿಯೆ, ಮೇಜು ಅದನ್ನು ಮೇಲಕ್ಕೆ ತಳ್ಳುವುದು ಪ್ರತಿಕ್ರಿಯೆ, ಇದು ನ್ಯೂಟನ್ನನ ಮೂರನೇ ನಿಯಮಕ್ಕೆ ಉದಾಹರಣೆ.

ಈ ಉತ್ತರ ತಪ್ಪು. ಪುಸ್ತಕದ ತೂಕವೆಂದರೆ ಭೂಮಿ ಪುಸ್ತಕವನ್ನು ಎಳೆಯುವ ಬಲ. ಅದರ ಜೋಡಿ, ಪುಸ್ತಕ ಭೂಮಿಯನ್ನು ಎಳೆಯುವ ಬಲ. ಮೇಜು ಪುಸ್ತಕವನ್ನು ಮೇಲಕ್ಕೆ ತಳ್ಳುವ ಬಲದ ಜೋಡಿ, ಪುಸ್ತಕ ಮೇಜನ್ನು ಕೆಳಕ್ಕೆ ಒತ್ತುವ ಬಲ. ಕ್ರಿಯೆ ಮತ್ತು ಪ್ರತಿಕ್ರಿಯೆ ಯಾವತ್ತೂ ಎರಡು ಬೇರೆ ಬೇರೆ ವಸ್ತುಗಳ ಮೇಲೆ ಇರುತ್ತವೆ. ಗೈಡಿನ ಉತ್ತರದಲ್ಲಿ ಎರಡೂ ಪುಸ್ತಕದ ಮೇಲೆಯೇ ಕೂತಿವೆ. ತಪ್ಪನ್ನು ತೋರಿಸಿಕೊಡಲು ಒಂದು ಲಿಫ್ಟ್ ಸಾಕು. ಲಿಫ್ಟ್ ಮೇಲಕ್ಕೆ ಹೊರಡುವ ಕ್ಷಣದಲ್ಲಿ ಅದರೊಳಗಿನ ಮೇಜು ಪುಸ್ತಕವನ್ನು ತೂಕಕ್ಕಿಂತ ಹೆಚ್ಚಿನ ಬಲದಿಂದ ತಳ್ಳುತ್ತದೆ, ಇಲ್ಲದಿದ್ದರೆ ಪುಸ್ತಕ ಲಿಫ್ಟಿನ ಜೊತೆ ವೇಗ ಗಳಿಸಲಾರದು. ಅಂದರೆ ಆ ಎರಡು ಬಲಗಳು ಆಗ ಸಮವಿಲ್ಲ. ಕ್ರಿಯೆ ಮತ್ತು ಪ್ರತಿಕ್ರಿಯೆಗಳೋ ಯಾವ ಸಂದರ್ಭದಲ್ಲೂ ಅಸಮವಾಗುವುದಿಲ್ಲ. ಹಾಗಾಗಿ ಅವು ಜೋಡಿಯಾಗಿರಲು ಸಾಧ್ಯವೇ ಇಲ್ಲ. ನಿಂತ ಮೇಜಿನ ಮೇಲೆ ಅವು ಸಮವಾಗಿರುವುದು ಪುಸ್ತಕಕ್ಕೆ ವೇಗೋತ್ಕರ್ಷ ಇಲ್ಲದ್ದರಿಂದ. ಅಂದರೆ ಅದು ಮೊದಲ ಎರಡು ನಿಯಮಗಳ ಫಲ.

ಮಕ್ಕಳಿಗೆ ಪರೀಕ್ಷಿಸಿಕೊಳ್ಳಲು ಸುಲಭವಾದ ಸೂತ್ರವೊಂದಿದೆ. ಬಲವನ್ನು ಹೇಳುವಾಗ ‘ಯಾವುದು ಯಾವುದನ್ನು’ ಎಂದು ಪೂರ್ತಿ ವಾಕ್ಯ ಬರೆಯಿಸಿ. ‘ಭೂಮಿ ಪುಸ್ತಕವನ್ನು ಎಳೆಯುತ್ತದೆ’ ಎಂದು ಬರೆದವರು ಎರಡು ಹೆಸರುಗಳನ್ನು ಅದಲುಬದಲು ಮಾಡಿದರೆ ಜೋಡಿ ತಾನಾಗಿ ಸಿಗುತ್ತದೆ. ಎಳೆತದ ಜೋಡಿ ಎಳೆತ, ಒತ್ತುವಿಕೆಯ ಜೋಡಿ ಒತ್ತುವಿಕೆ. ಎತ್ತು ಗಾಡಿಯನ್ನು ಎಳೆದಷ್ಟೇ ಬಲದಿಂದ ಗಾಡಿ ಎತ್ತನ್ನು ಹಿಂದಕ್ಕೆ ಎಳೆದರೆ ಗಾಡಿ ಮುಂದೆ ಹೋಗುವುದಾದರೂ ಹೇಗೆ ಎಂಬ ಹಳೆಯ ಒಗಟೂ ಹೀಗೇ ಬಿಡಿಸಿಕೊಳ್ಳುತ್ತದೆ: ಗಾಡಿಯ ಮೇಲಿನ ಬಲಗಳನ್ನು ಒಂದು ಪಟ್ಟಿಯಲ್ಲಿ, ಎತ್ತಿನ ಮೇಲಿನ ಬಲಗಳನ್ನು ಇನ್ನೊಂದರಲ್ಲಿ ಬರೆದರೆ, ನೆಲ ಎತ್ತಿನ ಗೊರಸನ್ನು ಮುಂದಕ್ಕೆ ತಳ್ಳುವ ಬಲ ಎರಡನೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಈ ತಪ್ಪು ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಪಠ್ಯಕ್ರಮದ ಜೋಡಣೆಯೂ ಕಾರಣ. ನಮ್ಮಲ್ಲಿ ಚಲನೆ ಮತ್ತು ಬಲ ಒಂಬತ್ತನೇ ತರಗತಿಗೆ ಮುಗಿಯುತ್ತವೆ. ಹತ್ತರ ಭೌತಶಾಸ್ತ್ರವೆಂದರೆ ಬೆಳಕು, ವಿದ್ಯುತ್, ಕಾಂತೀಯ ಪರಿಣಾಮಗಳು. ಎಸ್ಸೆಸ್ಸೆಲ್ಸಿಯಲ್ಲಿ ಕೇಳದ ಪಾಠಕ್ಕೆ ಶಾಲೆಯಲ್ಲಿ ಎಷ್ಟು ಸಮಯ ಸಿಗುತ್ತದೆ ಎಂಬುದು ಬಲ್ಲವರಿಗೆ ಗೊತ್ತು. ಹತ್ತನ್ನು ದಾಟಿದ ವಿದ್ಯಾರ್ಥಿ ಪ್ರಥಮ ಪಿಯುಗೆ ಬಂದ ಕೂಡಲೇ ಅದೇ ವಿಷಯ ಸದಿಶಗಳು ಮತ್ತು ಕಲನಶಾಸ್ತ್ರದ ವೇಷ ತೊಟ್ಟು ಎದುರು ನಿಲ್ಲುತ್ತದೆ. ಗಣಿತ ಕಷ್ಟವಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಕಷ್ಟವಾಗಿರುವುದು ಗಣಿತವಲ್ಲ, ಒಂಬತ್ತರಲ್ಲಿ ಕೂರಬೇಕಾಗಿದ್ದ ಕಲ್ಪನೆ.

ಮೇಲಕ್ಕೆ ಎಸೆದ ಚೆಂಡಿನ ಪ್ರಶ್ನೆಯನ್ನೇ ನೋಡಿ. ಏರುವಾಗ, ತುದಿಯಲ್ಲಿ, ಇಳಿಯುವಾಗ ಅದರ ಮೇಲೆ ಯಾವ್ಯಾವ ಬಲಗಳಿವೆ? ಏರುವಾಗ ‘ಕೈ ಕೊಟ್ಟ ಬಲ’ ಇನ್ನೂ ಉಳಿದಿದೆ, ತುದಿಯಲ್ಲಿ ಎರಡೂ ಬಲ ಸಮವಾಗುತ್ತವೆ, ಆಮೇಲೆ ಗುರುತ್ವ ಗೆಲ್ಲುತ್ತದೆ ಎಂದು ಎಂಜಿನಿಯರಿಂಗ್ ಓದುವವರೂ ಹೇಳುತ್ತಾರೆ. ಗಾಳಿಯ ತಡೆ ಬಿಟ್ಟರೆ ಮೂರೂ ಕಡೆ ಇರುವುದು ಗುರುತ್ವ ಒಂದೇ. ವೇಗೋತ್ಕರ್ಷವೂ ಮೂರೂ ಕಡೆ ಕೆಳಮುಖವಾಗಿ 9.8 ಮೀ/ಸೆ². ತುದಿಯಲ್ಲಿ ಸೊನ್ನೆಯಾಗುವುದು ವೇಗ. ಅಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ನಿಂತುಬಿಡಬೇಕಿತ್ತು. ಮಕ್ಕಳ ಈ ತಪ್ಪು ದಡ್ಡತನದ್ದಲ್ಲ. ಎಸೆದ ವಸ್ತುವಿನೊಳಗೆ ಒಂದು ನೂಕು ತುಂಬಿಕೊಂಡು, ಗಾಳಿಯ ತಡೆ ಮತ್ತು ತೂಕದಿಂದ ನಿಧಾನವಾಗಿ ಕುಗ್ಗುತ್ತದೆ ಎಂದು 14ನೇ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನ್‌ನಂಥ ಪಂಡಿತರೇ ವಾದಿಸಿದ್ದರು. ಅಲ್ಲಿಂದ 1687ರ ನ್ಯೂಟನ್ನನವರೆಗೆ ಬರಲು ಯೂರೋಪಿಗೆ ಮುನ್ನೂರು ವರ್ಷ ಬೇಕಾಯಿತು. ಎರಡು ಪೀರಿಯಡ್‌ಗಳಲ್ಲಿ ಸೂತ್ರ ಬರೆಸಿ ಆ ದಾರಿಯನ್ನು ಮಕ್ಕಳು ದಾಟಿಬಿಡಬೇಕು ಎಂದರೆ ಆಗದ ಮಾತು. 1998ರಲ್ಲಿ ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ರಿಚರ್ಡ್ ಹೇಕ್ ಸುಮಾರು 6000 ವಿದ್ಯಾರ್ಥಿಗಳ ಅಂಕಿಅಂಶ ಒಟ್ಟುಮಾಡಿ ನೋಡಿದಾಗ, ಬರೀ ಉಪನ್ಯಾಸ ಕೇಳಿದ ತರಗತಿಗಳು ಬಲದ ಕಲ್ಪನೆಯಲ್ಲಿ ಸುಧಾರಿಸಲು ಇದ್ದ ಅವಕಾಶದ ಕಾಲು ಭಾಗವನ್ನೂ ಮುಟ್ಟಿರಲಿಲ್ಲ. ಪ್ರಶ್ನೆ, ಚರ್ಚೆ, ಪ್ರಯೋಗಗಳಲ್ಲಿ ತೊಡಗಿಸಿಕೊಂಡ ತರಗತಿಗಳು ಹೆಚ್ಚುಕಡಿಮೆ ಅರ್ಧದಷ್ಟು ಸುಧಾರಿಸಿದ್ದವು.

ಪ್ರಯೋಗ ಎಂದ ಕೂಡಲೇ ‘ನಮ್ಮಲ್ಲಿ ಲ್ಯಾಬ್ ಇಲ್ಲ’ ಎಂಬ ಉತ್ತರ ಬರುತ್ತದೆ. ಈ ಪಾಠಕ್ಕೆ ಲ್ಯಾಬ್ ಬೇಡ. ಬೇಕಾದುದನ್ನೂ, ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಪ್ರಯೋಗ ಕೈಬಿಡುವವರಲ್ಲಿ ಹೆಚ್ಚಿನವರು ಮೊದಲ ಸಲ ಉತ್ತರ ಸರಿಬರಲಿಲ್ಲವೆಂದು ಬಿಟ್ಟವರು.

ಖರ್ಚೇ ಇಲ್ಲದ್ದರಿಂದ ಶುರುಮಾಡಬಹುದು. 30 ಸೆಂ.ಮೀ. ಸ್ಕೇಲನ್ನು ಒಬ್ಬರು ಮೇಲ್ತುದಿಯಲ್ಲಿ ಹಿಡಿದಿರಲಿ. ಇನ್ನೊಬ್ಬರು ಸೊನ್ನೆಯ ಗುರುತಿನ ಎರಡೂ ಬದಿ ಹೆಬ್ಬೆರಳು, ತೋರುಬೆರಳು ಇಟ್ಟು ಮುಟ್ಟದೆ ಕಾಯಲಿ. ಹೇಳದೆ ಸ್ಕೇಲು ಬಿಟ್ಟಾಗ ಹಿಡಿಯಬೇಕು. 10 ಸೆಂ.ಮೀ. ಬಳಿ ಹಿಡಿದರೆ 0.14 ಸೆಕೆಂಡ್, 15ಕ್ಕೆ 0.17, 20ಕ್ಕೆ 0.20, 25ಕ್ಕೆ 0.23. ಹೆಚ್ಚಿನವರು 15ರಿಂದ 25ರ ನಡುವೆ ಹಿಡಿಯುತ್ತಾರೆ. 5 ಸೆಂ.ಮೀ.ಗೇ ಹಿಡಿದವರು ಬಿಡುವವರ ಮುಖ ನೋಡಿ ಊಹಿಸಿದ್ದಾರೆ ಎಂದೇ ಅರ್ಥ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಈ ಆಟದಿಂದ ಎರಡು ಲಾಭ. ಬೀಳುವ ವಸ್ತು ಕಾಲವನ್ನು ಅಳೆಯಬಲ್ಲದು ಎಂಬುದು ಒಂದು. ಸ್ಟಾಪ್‌ವಾಚ್ ಒತ್ತುವ ಕೈಗೆ ಸುಮಾರು 0.2 ಸೆಕೆಂಡಿನ ಎಡವಟ್ಟು ಇದ್ದೇ ಇದೆ ಎಂಬುದು ಮತ್ತೊಂದು.

ಎರಡನೆಯದು ಮುಂದಿನ ಪ್ರಯೋಗಕ್ಕೆ ಅಗತ್ಯ. ಒಂದು ಮೀಟರ್ ಎತ್ತರದಿಂದ ಕಲ್ಲು ಬೀಳಲು 0.45 ಸೆಕೆಂಡ್ ಸಾಕು. ಅದರಲ್ಲಿ 0.2 ಸೆಕೆಂಡ್ ಕೈಯದೇ ದೋಷ ಎಂದರೆ ಅಳತೆಗೆ ಬೆಲೆಯಿಲ್ಲ. ಗೆಲಿಲಿಯೋ ಎದುರಿಗಿದ್ದ ತೊಡಕೂ ಇದೇ. ಬೀಳುವಿಕೆಯನ್ನು ನಿಧಾನಗೊಳಿಸಲು ಆತ ಇಳಿಜಾರು ಹಿಡಿದ. 1638ರ ಪುಸ್ತಕದಲ್ಲಿ ಆತನೇ ವಿವರಿಸಿದಂತೆ, ಸುಮಾರು 12 ಮೊಳ ಉದ್ದದ ಮರದ ತೊಲೆ, ಅದರ ಮೇಲೆ ಕೊರೆದ ನೇರ ತೋಡು, ತೋಡಿಗೆ ಅಂಟಿಸಿದ ನಯವಾದ ಚರ್ಮಪತ್ರ, ಉರುಟಾದ ಕಂಚಿನ ಗುಂಡು. ಕಾಲವನ್ನು ಅಳೆದದ್ದು ಪಾತ್ರೆಯಿಂದ ಸಣ್ಣ ಕೊಳವೆಯಲ್ಲಿ ಇಳಿದ ನೀರನ್ನು ತೂಗಿ.

ನಮಗೆ ತೊಲೆಯೂ ಬೇಡ. ವೈರಿಂಗ್‌ಗೆ ಹಾಕುವ ಪಿವಿಸಿ ಕೇಸಿಂಗ್ ಪಟ್ಟಿ ಅಥವಾ ಅಲ್ಯುಮಿನಿಯಂ ಯು-ಚಾನೆಲ್ ಎರಡು ಮೀಟರ್ ಸಾಕು. ಪಟ್ಟಿಯ ಒಳ ಅಗಲ ಗೋಲಿಯ ವ್ಯಾಸಕ್ಕಿಂತ ತುಸು ಹೆಚ್ಚಿರಲಿ. ಏಕೆಂಬುದು ಮುಂದೆ ಬರುತ್ತದೆ. ಪಟ್ಟಿಯನ್ನು ನೇರವಾದ ಮರದ ರೀಪಿಗೆ ಅಂಟಿಸಿ. ಬರೀ ಎರಡು ತುದಿಗಳಲ್ಲಿ ಆಧಾರ ಕೊಟ್ಟರೆ ನಡುವೆ ಜೋಲುತ್ತದೆ, ಆಗ ಮೇಲ್ಭಾಗ ಕಡಿದು, ಕೆಳಭಾಗ ಸಪಾಟು. ರೀಪನ್ನು ನೆಲದ ಮೇಲಿಟ್ಟು ನಡುವೆ ಗೋಲಿ ಬಿಡಿ. ಎತ್ತಲೂ ಉರುಳದಿದ್ದರೆ ನೆಲ ಮಟ್ಟವಾಗಿದೆ. ಆಮೇಲೆ ಒಂದು ತುದಿಗೆ ಪುಸ್ತಕಗಳನ್ನಿಟ್ಟು 10 ಸೆಂ.ಮೀ. ಎತ್ತರಿಸಿ. ಗೋಲಿಯನ್ನು ಬೆರಳಲ್ಲಿ ಹಿಡಿದು ಬಿಟ್ಟರೆ ಗೊತ್ತಿಲ್ಲದೆಯೇ ನೂಕಿರುತ್ತೇವೆ. ಮುಂದೆ ಸ್ಕೇಲು ಅಡ್ಡ ಹಿಡಿದು, ಅದನ್ನು ಇಳಿಜಾರಿನ ದಿಕ್ಕಿಗೇ ಥಟ್ಟನೆ ಸರಿಸಬೇಕು.

ಎರಡು ಮೀಟರ್ ಉರುಳಲು ಸುಮಾರು 3.4 ಸೆಕೆಂಡ್, ಮೊದಲ ಅರ್ಧ ಮೀಟರಿಗೆ ಸುಮಾರು 1.7 ಸೆಕೆಂಡ್. ನಾಲ್ಕು ಪಟ್ಟು ದೂರಕ್ಕೆ ಎರಡೇ ಪಟ್ಟು ಕಾಲ. ಇದನ್ನು ಕಿವಿಯಿಂದಲೂ ಕೇಳಬಹುದು. ಮೊಬೈಲಿನಲ್ಲಿ ತಾಳದ ಆ್ಯಪ್ ಹಾಕಿ ನಿಮಿಷಕ್ಕೆ 60 ಬಡಿತ ಇಡಿ. ಪಟ್ಟಿಯ ಮೇಲೆ ಹೊರಡುವ ಜಾಗದಿಂದ 17.5, 70, 157.5 ಸೆಂ.ಮೀ.ಗಳಲ್ಲಿ ತೆಳ್ಳನೆಯ ದಾರ ಅಡ್ಡ ಅಂಟಿಸಿ. ಒಂದು ಬಡಿತಕ್ಕೆ ಸರಿಯಾಗಿ ಗೋಲಿ ಬಿಟ್ಟರೆ ಪ್ರತಿ ದಾರ ದಾಟುವ ‘ಟಿಕ್’ ಮುಂದಿನ ಬಡಿತಗಳ ಜೊತೆ ಕೂಡಿಕೊಳ್ಳುತ್ತದೆ. ದಾರ ದಪ್ಪವಾದರೆ ಗೋಲಿಯ ಓಟವೇ ಕೆಡುತ್ತದೆ. ಹೊಲಿಗೆಯ ದಾರ ಸಾಕು. ಕೂಡದಿದ್ದರೆ ಮೊದಲ ದಾರವನ್ನು ಕೂಡುವವರೆಗೆ ಸರಿಸಿ, ಉಳಿದವನ್ನು ಅದರ ನಾಲ್ಕು ಪಟ್ಟು, ಒಂಬತ್ತು ಪಟ್ಟು ದೂರಕ್ಕೆ ಇಡಿ. ದಾರಗಳ ನಡುವಿನ ಅಂತರ 17.5, 52.5, 87.5, ಅಂದರೆ 1, 3, 5ರ ಅನುಪಾತ. ಸಮ ವೇಗೋತ್ಕರ್ಷವೆಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನಮಗೆ ಗೊತ್ತಿಲ್ಲ. ಮೂರನೇ ಅಂತರ ಐದಕ್ಕೆ ಬದಲು ನಾಲ್ಕೂವರೆ ಪಟ್ಟು ಬಂದರೆ ಪಟ್ಟಿ ಜೋತಿದೆಯೇ ಎಂದು ಮೊದಲು ನೋಡಿ.

ಈಗ ತಮಾಷೆ. ಇದೇ ಅಂಕಿಗಳಿಂದ ‘ಜಿ’, ಅಂದರೆ ಗುರುತ್ವದ ವೇಗೋತ್ಕರ್ಷ, ಲೆಕ್ಕ ಹಾಕಿ ಎನ್ನಿ. ವೇಗೋತ್ಕರ್ಷ 0.35 ಮೀ/ಸೆ². ಎತ್ತರ 10 ಸೆಂ.ಮೀ., ಉದ್ದ 200 ಸೆಂ.ಮೀ.; 0.35ನ್ನು 0.05ರಿಂದ ಭಾಗಿಸಿದರೆ 7. ಮಕ್ಕಳು ಗಾಬರಿಯಾಗುತ್ತಾರೆ, ಶಿಕ್ಷಕರು ‘ಘರ್ಷಣೆ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಘರ್ಷಣೆ ಇಲ್ಲಿ ಅಪರಾಧಿಯಲ್ಲ. ಗೋಲಿ ಜಾರುತ್ತಿಲ್ಲ, ಉರುಳುತ್ತಿದೆ. ಇಳಿದ ಎತ್ತರದ ಫಲದಲ್ಲಿ ಒಂದು ಪಾಲು ಗೋಲಿಯನ್ನು ತಿರುಗಿಸಲು ಹೋಗುತ್ತದೆ. ಗಟ್ಟಿ ಗೋಳ ಸಪಾಟು ಮೇಲ್ಮೈಯಲ್ಲಿ ಉರುಳಿದರೆ ಏಳರಲ್ಲಿ ಐದು ಪಾಲು ಮಾತ್ರ ಮುಂದೋಡುವುದಕ್ಕೆ ಸಿಗುತ್ತದೆ: 9.8ರ ಏಳರಲ್ಲಿ ಐದು ಪಾಲು ಸರಿಯಾಗಿ 7. ಪಟ್ಟಿ ಗೋಲಿಗಿಂತ ಕಿರಿದಾಗಿ, ಗೋಲಿ ಎರಡು ಅಂಚುಗಳ ಮೇಲೆ ಉರುಳುವಂತಾದರೆ ಇನ್ನೂ ಕಡಿಮೆ. 16 ಮಿ.ಮೀ. ಗೋಲಿ 12 ಮಿ.ಮೀ. ಅಗಲದ ತೋಡಿನ ಅಂಚುಗಳ ಮೇಲೆ ಉರುಳಿದರೆ ಉತ್ತರ 5.1ಕ್ಕೆ ಇಳಿಯುತ್ತದೆ. ಅಷ್ಟೇ ದೂರಕ್ಕೆ ಗೋಲಿ ಹೆಚ್ಚು ಸುತ್ತು ತಿರುಗಬೇಕಾಗುವುದೇ ಕಾರಣ. ಆದರೆ ಗಮನಿಸಿ, 1:3:5ರ ಅನುಪಾತಕ್ಕೆ ಇದರಿಂದ ಏನೂ ಧಕ್ಕೆಯಿಲ್ಲ. ಗೆಲಿಲಿಯೋಗೆ ಉರುಳುವಿಕೆಯ ಈ ಲೆಕ್ಕ ಗೊತ್ತಿರಲಿಲ್ಲ. ಅನುಪಾತವನ್ನೇ ನೆಚ್ಚಿಕೊಂಡದ್ದರಿಂದ ಆತನ ತೀರ್ಮಾನ ಕೆಡಲಿಲ್ಲ.

ಪ್ರಯೋಗದ ದಾಖಲೆ ಪುಸ್ತಕಗಳಲ್ಲಿ ಇಡೀ ತರಗತಿಗೆ 9.8 ಬಂದಿರುತ್ತದೆ. ಅಷ್ಟೂ ಜನ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿದ್ದಾರೆ ಎಂದಲ್ಲದೆ ಅದಕ್ಕೆ ಬೇರೆ ಅರ್ಥವಿಲ್ಲ. 7 ಬಂತು ಎಂದು ಪ್ರಾಮಾಣಿಕವಾಗಿ ಬರೆದ ಹುಡುಗಿಗೆ ಅಂಕ ಕಡಿತವಾದರೆ ನಾವು ಕಲಿಸಿದ್ದು ಭೌತಶಾಸ್ತ್ರವನ್ನಲ್ಲ.

ನಿಜವಾಗಿ 9.8 ಬೇಕಿದ್ದರೆ ಮೊಬೈಲಿನ ಕ್ಯಾಮೆರಾ ಇದೆ. ಸಾಮಾನ್ಯ ವಿಡಿಯೋ ಸೆಕೆಂಡಿಗೆ 30 ಚಿತ್ರ. ಮೂರು ಚಿತ್ರಕ್ಕೊಮ್ಮೆ ನೋಡಿದರೆ 0.1 ಸೆಕೆಂಡಿನ ಅಂತರ. ಗೋಡೆಗೆ ಅಳತೆ ಟೇಪು ಅಂಟಿಸಿ, ಅದಕ್ಕೆ ಒತ್ತಿಕೊಂಡಂತೆ ರಬ್ಬರ್ ಚೆಂಡನ್ನು ಬಿಡಿ. ಟೇಬಲ್ ಟೆನಿಸ್ ಚೆಂಡು ಬೇಡ, ಒಂದು ಮೀಟರ್ ಬೀಳುವಷ್ಟರಲ್ಲೇ ಗಾಳಿ ಅದನ್ನು ಎದ್ದುಕಾಣುವಷ್ಟು ತಡೆಯುತ್ತದೆ. ಕ್ಯಾಮೆರಾ ಎರಡು-ಮೂರು ಮೀಟರ್ ದೂರದಲ್ಲಿ, ಬೀಳುವ ದಾರಿಯ ನಡುಮಟ್ಟದಲ್ಲಿ, ಕದಲದಂತೆ ಇರಬೇಕು. ಹತ್ತಿರವಿಟ್ಟರೆ ಮೇಲಿನ, ಕೆಳಗಿನ ಅಳತೆಗಳು ಓರೆಯಾಗಿ ಕಾಣುತ್ತವೆ. ಬಿಸಿಲಿನಲ್ಲಿ ತೆಗೆಯಿರಿ, ಬೆಳಕು ಸಾಲದಿದ್ದರೆ ಚೆಂಡು ಉದ್ದನೆಯ ಮಸುಕಾಗುತ್ತದೆ, ಕೆಲವು ಫೋನುಗಳು ಹೇಳದೆ ಕೇಳದೆ ಚಿತ್ರಗಳ ಸಂಖ್ಯೆಯನ್ನೇ ಕಡಿಮೆ ಮಾಡುತ್ತವೆ.

ಬಿಟ್ಟ ಕ್ಷಣ ಒಂದು ಚಿತ್ರಕ್ಕೆ ಸರಿಯಾಗಿ ಬೀಳುವುದು ಅಪರೂಪ, ಆದ್ದರಿಂದ ಇಲ್ಲಿ 1:3:5 ಹುಡುಕಿದರೆ ನಿರಾಶೆ. ಅದರ ಬದಲು ಒಂದೊಂದು 0.1 ಸೆಕೆಂಡಿನಲ್ಲಿ ಬಿದ್ದ ದೂರಗಳನ್ನು ಬರೆದು, ಪಕ್ಕಪಕ್ಕದವುಗಳ ವ್ಯತ್ಯಾಸ ತೆಗೆಯಿರಿ. ಯಾವ ಚಿತ್ರದಿಂದ ಶುರುಮಾಡಿದರೂ ವ್ಯತ್ಯಾಸ 9.8 ಸೆಂ.ಮೀ.ಗೆ ಹತ್ತಿರ ಬರುತ್ತದೆ. ಅದನ್ನು 0.01ರಿಂದ ಭಾಗಿಸಿದರೆ 980 ಸೆಂ.ಮೀ./ಸೆ². ಒಂದು ಸೆಂಟಿಮೀಟರ್ ಅತ್ತಿತ್ತ ಓದಿದರೆ ಉತ್ತರ ಶೇಕಡ ಹತ್ತು ಅತ್ತಿತ್ತ ಆಗುತ್ತದೆ ಎಂಬುದೂ ಮಕ್ಕಳಿಗೆ ತಿಳಿಯಲಿ. ಬೆಂಗಳೂರಿನಲ್ಲಿ ‘ಜಿ’ ನಿಖರವಾಗಿ 9.78, ಈ ವಿಧಾನಕ್ಕೆ ಆ ವ್ಯತ್ಯಾಸ ಕಾಣುವುದಿಲ್ಲ, ಕಂಡಿತು ಎಂದವರನ್ನು ನಂಬಬೇಡಿ.

ಎರಡನೇ ನಿಯಮದ ಗಾಡಿ ಪ್ರಯೋಗ ಪುಸ್ತಕಗಳಲ್ಲಿ ಇರುವುದೇ. ಹಗುರವಾಗಿ ಉರುಳುವ ಆಟಿಕೆ ಗಾಡಿ, ಮೇಜಿನಂಚಿನಲ್ಲಿ ರಾಟೆ, ದಾರದ ತುದಿಗೆ ತೂಗುಬಿಟ್ಟ ಬಟ್ಟು. ರಾಟೆಗೆ ಸ್ಪಿನ್ನರ್ ಆಟಿಕೆಯ ಬೇರಿಂಗ್ ಚೆನ್ನಾಗಿ ಆಗುತ್ತದೆ. ದಾರ ಜಾರದಂತೆ ಎರಡೂ ಬದಿ ರಟ್ಟಿನ ಬಿಲ್ಲೆ ಅಂಟಿಸಬೇಕು. ಎಡವುವುದು ಮೂರು ಕಡೆ. ಮೊದಲನೆಯದು, ತೂಗುವ ಬಟ್ಟಿನ ಪೂರ್ತಿ ತೂಕ ಗಾಡಿಯನ್ನು ಎಳೆಯುತ್ತದೆ ಎಂದು ಭಾವಿಸುವುದು. ಆ ತೂಕ ಗಾಡಿಯನ್ನೂ ಬಟ್ಟನ್ನೂ ಕೂಡಿಯೇ ಓಡಿಸಬೇಕು. 500 ಗ್ರಾಂ ಗಾಡಿ, 50 ಗ್ರಾಂ ಬಟ್ಟು ಇದ್ದರೆ 0.49 ನ್ಯೂಟನ್ನನ್ನು 0.55 ಕಿಲೋದಿಂದ ಭಾಗಿಸಬೇಕು, ವೇಗೋತ್ಕರ್ಷ 0.89. ಗಾಡಿಯ ದ್ರವ್ಯರಾಶಿಯಿಂದ ಮಾತ್ರ ಭಾಗಿಸಿದರೆ 0.98, ಶೇಕಡ ಹತ್ತು ತಪ್ಪು. ಎರಡನೆಯದು, ಬಲ ಹೆಚ್ಚಿಸಲು ಹೊರಗಿನಿಂದ ಬಟ್ಟು ತಂದು ನೇತುಹಾಕುವುದು. ಆಗ ಬಲದ ಜೊತೆ ಒಟ್ಟು ದ್ರವ್ಯರಾಶಿಯೂ ಬದಲಾಗಿ ನಕ್ಷೆಯ ಗೆರೆ ಬಾಗುತ್ತದೆ. ಬಟ್ಟುಗಳನ್ನು ಮೊದಲೇ ಗಾಡಿಯಲ್ಲಿ ಪೇರಿಸಿ, ಒಂದೊಂದಾಗಿ ದಾರದ ತುದಿಗೆ ಸಾಗಿಸಬೇಕು. ಮೂರನೆಯದು ಚಕ್ರದ ಘರ್ಷಣೆ. ಮೇಜಿನ ಹಿಂಬದಿಯ ಕಾಲುಗಳ ಕೆಳಗೆ ರಟ್ಟು ಕೊಡುತ್ತ ಹೋಗಿ. ಬಟ್ಟಿಲ್ಲದ ಗಾಡಿಯನ್ನು ತುಸು ನೂಕಿದರೆ ನಿಧಾನವೂ ಆಗದೆ, ವೇಗವೂ ಗಳಿಸದೆ ಹೋಗುವಷ್ಟು ಓರೆ ಸಿಕ್ಕಿದಾಗ ನಿಲ್ಲಿಸಿ.

ಘರ್ಷಣೆಗೆ ಹೆಚ್ಚು ಹೇಳಬೇಕಿಲ್ಲ. ಇಟ್ಟಿಗೆಗೆ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದರೆ, ಕದಲುವ ಮುನ್ನ ಮುಳ್ಳು ಮೇಲೇರಿ, ಕದಲಿದ ಮೇಲೆ ಇಳಿದು ನಿಲ್ಲುವುದು ಕಾಣುತ್ತದೆ. ಇಟ್ಟಿಗೆಯನ್ನು ಕಿರಿದಾದ ಮಗ್ಗುಲಿಗೆ ಹೊರಳಿಸಿದರೂ ಓದು ಹೆಚ್ಚುಕಡಿಮೆ ಅದೇ. ಒಂದು ಎಚ್ಚರಿಕೆ ಮಾತ್ರ ಪುಸ್ತಕಗಳಲ್ಲಿ ಸಿಗುವುದಿಲ್ಲ: ಸ್ಪ್ರಿಂಗ್ ತಕ್ಕಡಿಯ ಸೊನ್ನೆಯನ್ನು ತೂಗುಹಾಕಿದ ಸ್ಥಿತಿಗೆ ಹೊಂದಿಸಿರುತ್ತಾರೆ. ಅಡ್ಡ ಮಲಗಿಸಿದಾಗ ಕೊಕ್ಕೆಯ ತೂಕ ಸ್ಪ್ರಿಂಗನ್ನು ಎಳೆಯುವುದಿಲ್ಲ, ಮುಳ್ಳು ಸೊನ್ನೆಗಿಂತ ಹಿಂದೆ ಹೋಗುತ್ತದೆ. ಅಡ್ಡವಾಗಿಯೇ ಸೊನ್ನೆ ಹೊಂದಿಸಿಕೊಂಡು ಎಳೆಯಬೇಕು, ದಾರ ನೆಲಕ್ಕೆ ಸಮಾನಾಂತರವಾಗಿರಬೇಕು.

ಮತ್ತೆ ಮೂರನೇ ನಿಯಮಕ್ಕೆ ಬರೋಣ, ಏಕೆಂದರೆ ಅದನ್ನು ಅಳೆದು ತೋರಿಸಲು ಆಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಮುಕ್ಕಾಲು ತುಂಬಿದ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಪಾತ್ರೆಗೆ ತಾಕದಂತೆ ಬೆರಳನ್ನು ನೀರಿನಲ್ಲಿ 5 ಸೆಂ.ಮೀ. ಅದ್ದಿ. ಏನಾಗುತ್ತದೆ ಎಂದು ಮೊದಲೇ ಕೇಳಿ ಕೈಯೆತ್ತಿಸಿ. ‘ಏನೂ ಆಗುವುದಿಲ್ಲ’ ಎನ್ನುವವರೇ ಹೆಚ್ಚು. ತಕ್ಕಡಿ ಸುಮಾರು 10 ಗ್ರಾಂ ತೋರಿಸುತ್ತದೆ. ನೀರು ಬೆರಳನ್ನು ಮೇಲಕ್ಕೆ ತಳ್ಳುತ್ತಿದೆ, ಬೆರಳು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತಿದೆ. ಈಗ ಬೆರಳಿನ ಬದಲು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿದ ಕಗ್ಗಲ್ಲು ಇಳಿಸಿ. 270 ಗ್ರಾಂ ಕಲ್ಲು ಪೂರ್ತಿ ಮುಳುಗಿದಾಗ ಸ್ಪ್ರಿಂಗ್ ತಕ್ಕಡಿ ಸುಮಾರು 170ಕ್ಕೆ ಇಳಿದರೆ ಕೆಳಗಿನ ತಕ್ಕಡಿ 100 ಗ್ರಾಂ ಏರುತ್ತದೆ. ಒಂದರಲ್ಲಿ ಕಳೆದದ್ದು ಇನ್ನೊಂದರಲ್ಲಿ ಕೂಡಿತು. ಎರಡು ವಸ್ತು, ಎರಡು ಬಲ, ಎರಡು ತಕ್ಕಡಿ: ಜೋಡಿಯನ್ನು ಇಷ್ಟು ಬಿಡಿಸಿ ತೋರಿಸುವ ಪ್ರಯೋಗ ಶಾಲಾಮಟ್ಟದಲ್ಲಿ ವಿರಳ. ನೀರು ತುಳುಕಿ ಹೊರಚೆಲ್ಲಿದರೂ ಕಲ್ಲು ತಳ ಮುಟ್ಟಿದರೂ ಲೆಕ್ಕ ತಪ್ಪುತ್ತದೆ.

ಲಿಫ್ಟ್ ಸಿಗುವ ಊರಿನಲ್ಲಿ ಸ್ಪ್ರಿಂಗ್ ತಕ್ಕಡಿಗೆ ಒಂದು ಕಿಲೋ ತೂಗುಹಾಕಿ ವಿಡಿಯೋ ತೆಗೆಯಬಹುದು. ಮೇಲಕ್ಕೆ ಹೊರಡುವಾಗ ಕ್ಷಣಕಾಲ ಹೆಚ್ಚು, ನಡುದಾರಿಯಲ್ಲಿ ಸರಿಯಾಗಿ ಒಂದು ಕಿಲೋ, ನಿಲ್ಲುವಾಗ ಕಡಿಮೆ. ಲಿಫ್ಟಿನ ವೇಗೋತ್ಕರ್ಷ 1 ಮೀ/ಸೆ² ಇದ್ದರೆ ಮುಳ್ಳು 1.1 ಕಿಲೋ ಮುಟ್ಟುತ್ತದೆ. ಚಲಿಸಲು ಬಲ ಬೇಕು ಎಂಬ ಹಳೆಯ ನಂಬಿಕೆಗೆ ನಡುದಾರಿಯ ಆ ಒಂದು ಕಿಲೋ ದೊಡ್ಡ ಪೆಟ್ಟು. ಇಲ್ಲಿ ಡಿಜಿಟಲ್ ತಕ್ಕಡಿ ನೆಚ್ಚಬೇಡಿ. ಅಂಕಿ ನೆಲೆಗೊಳ್ಳುವ ಹೊತ್ತಿಗೆ ಲಿಫ್ಟ್ ಸಮವೇಗಕ್ಕೆ ಬಂದಿರುತ್ತದೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯ ರೂಪಿಸಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಿಂದ ಫೋನನ್ನೇ ಉಪಕರಣವಾಗಿ ಬಳಸಬಹುದು. ಮೇಜಿನ ಮೇಲೆ ಸುಮ್ಮನಿರುವ ಫೋನು 9.8 ತೋರಿಸುತ್ತದೆ, ದಿಂಬಿನ ಮೇಲೆ ಬೀಳಿಸಿದರೆ ಬೀಳುವಷ್ಟು ಹೊತ್ತು ಸೊನ್ನೆಯ ಹತ್ತಿರ. ಸುಮ್ಮನಿದ್ದಾಗ 9.8, ಬೀಳುವಾಗ ಸೊನ್ನೆ ಏಕೆ? ಫೋನಿನೊಳಗಿನ ಸಂವೇದಕಕ್ಕೆ ತಿಳಿಯುವುದು ಗುರುತ್ವ ಅಲ್ಲ, ಆಧಾರದ ತಳ್ಳಿಕೆ. ಈ ಒಂದು ಪ್ರಶ್ನೆಗೆ ಇಡೀ ಪೀರಿಯಡ್ ಕೊಟ್ಟರೂ ನಷ್ಟವಿಲ್ಲ.

ಲೆಕ್ಕಗಳ ವಿಷಯಕ್ಕೆ ಬಂದರೆ, 1000 ಕಿಲೋ ಕಾರು ಇಷ್ಟು ವೇಗದಲ್ಲಿ ಬಂದು ಇಷ್ಟು ಸೆಕೆಂಡಿನಲ್ಲಿ ನಿಂತಿತು, ಬಲವೆಷ್ಟು ಎಂಬ ಲೆಕ್ಕವನ್ನು ಮಕ್ಕಳು ಅರ್ಥ ನೋಡದೆ ಮಾಡಿಬಿಡುತ್ತಾರೆ. ಅದೇ ಸೂತ್ರದಿಂದ ರಸ್ತೆಯ ಲೆಕ್ಕ ಹಾಕಿಸಿ. ಒಣ ಡಾಂಬರಿನ ಮೇಲೆ ಘರ್ಷಣಾಂಕ (ಘರ್ಷಣೆ ಬಲ ತೂಕದ ಎಷ್ಟು ಪಾಲು ಎಂಬ ಅಂಕಿ) 0.7 ಎಂದಿಟ್ಟುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದ ವಾಹನ ಬ್ರೇಕ್ ಹಿಡಿದ ಮೇಲೆ 9 ಮೀಟರ್ ಸಾಗಿ ನಿಲ್ಲುತ್ತದೆ, 80ರ ವಾಹನ 36 ಮೀಟರ್. ಗೋಲಿಯ ಪಟ್ಟಿಯಲ್ಲಿ ಕಂಡ ಅದೇ ವರ್ಗದ ಲೆಕ್ಕ. ಮಳೆಯಲ್ಲಿ ಘರ್ಷಣಾಂಕ 0.4ಕ್ಕೆ ಇಳಿದರೆ 80ರ ವಾಹನಕ್ಕೆ 63 ಮೀಟರ್ ಬೇಕು. ಇದಕ್ಕೆ ಮೊದಲು, ಕಂಡು, ತೀರ್ಮಾನಿಸಿ, ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 22 ಮೀಟರ್ ಆಗಲೇ ಕಳೆದಿರುತ್ತದೆ. ಸ್ಕೇಲು ಹಿಡಿದ 0.2 ಸೆಕೆಂಡ್ ಇಲ್ಲಿ ಒಂದಾಗುವುದೇಕೆಂದು ಮಕ್ಕಳು ಕೇಳಬೇಕು. ಅಲ್ಲಿ ಬೆರಳು ಸಿದ್ಧವಾಗಿ ಕಾಯುತ್ತಿತ್ತು. ಲೆಕ್ಕದಲ್ಲಿ ವಾಹನದ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುವುದನ್ನೂ ಗಮನಿಸಲಿ. ಹಾಗೆಂದು ತುಂಬಿದ ಲಾರಿಯೂ ಕಾರಿನಷ್ಟೇ ದೂರದಲ್ಲಿ ನಿಲ್ಲುತ್ತದೆ ಎಂದು ತಿಳಿಯಬಾರದು. ಲೆಕ್ಕ ಹಿಡಿದದ್ದು ಟೈರು ಮತ್ತು ರಸ್ತೆಯ ಹಿಡಿತದ ಮಿತಿಯನ್ನು. ಘಾಟಿಯಲ್ಲಿ ಇಳಿಯುವ ಲಾರಿಯ ಬ್ರೇಕ್ ಡ್ರಮ್ ಕಾದು ಸೋಲುವುದು ಆ ಮಿತಿ ಮುಟ್ಟುವುದಕ್ಕೂ ಮೊದಲು.

ಸ್ಕೇಲು, ಗೋಲಿ, ಪಟ್ಟಿ, ದಾರ, ಬೇರಿಂಗ್, ಸ್ಪ್ರಿಂಗ್ ತಕ್ಕಡಿ, ಡಿಜಿಟಲ್ ತಕ್ಕಡಿ, ಒಂದು ಫೋನು. ಫೋನು ಶಿಕ್ಷಕರದೇ ಆಗುತ್ತದೆ. ಉಳಿದವುಗಳಲ್ಲಿ ದುಬಾರಿಯೆಂದರೆ ಡಿಜಿಟಲ್ ತಕ್ಕಡಿ, ಅದೂ ಪಾತ್ರೆ ಅಂಗಡಿಯಲ್ಲಿ ಸಿಗುವಂಥದು. ನಿಜವಾದ ಅಡ್ಡಿ ಪರೀಕ್ಷೆಯದು. ಮಧ್ಯಪ್ರದೇಶದಲ್ಲಿ 1972ರಿಂದ ನಡೆದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ಸರ್ಕಾರಿ ಶಾಲೆಗಳಲ್ಲಿ ಅಗ್ಗದ ಕಿಟ್‌ಗಳಿಂದಲೇ ಪ್ರಯೋಗ ಮಾಡಿಸಿತು. ಅದು ಅಷ್ಟು ವರ್ಷ ಬಾಳಿದ್ದಕ್ಕೆ ಕಿಟ್‌ಗಿಂತ ಮುಖ್ಯ ಕಾರಣ, ಅಲ್ಲಿ ಪರೀಕ್ಷೆಯನ್ನೂ ಬದಲಿಸಿದ್ದರು: ಪುಸ್ತಕ ತೆರೆದಿಟ್ಟು ಬರೆಯಬಹುದಿತ್ತು, ಪ್ರಯೋಗಕ್ಕೂ ಅಂಕವಿತ್ತು. 2002ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು.

ಪಠ್ಯಕ್ರಮ ಬದಲಿಸುವುದು ಪತ್ರಿಕೆಯ ಕೈಯಲ್ಲಿಲ್ಲ, ವಿದ್ಯಾರ್ಥಿ ಪುಟ ಇದೆ. ಈ ಮೂರು ಅಧ್ಯಾಯಗಳ ಸರದಿ ಬಂದಾಗ ಸೂತ್ರಗಳ ಪಟ್ಟಿಯ ಜಾಗದಲ್ಲಿ ಬೆರಳು ಅದ್ದುವ ಪ್ರಯೋಗ ಅಥವಾ ದಾರ ಕಟ್ಟಿದ ಪಟ್ಟಿಯ ಚಿತ್ರ ಹಾಕಿ, ‘ಮಾಡಿ ನೋಡಿ, ಬಂದ ಅಂಕಿ ಕಳಿಸಿ’ ಎಂದು ಕೇಳಬಹುದು. 9.8 ಬಾರದ ಅಂಕಿಗಳನ್ನೇ ಆರಿಸಿ, ಏಕೆ ಬರಲಿಲ್ಲ ಎಂಬ ವಿವರಣೆಯೊಂದಿಗೆ ಮುಂದಿನ ವಾರ ಅಚ್ಚುಹಾಕಬಹುದು. ಮಾದರಿ ಉತ್ತರಗಳನ್ನು ಬರೆದುಕೊಡುವವರಿಗೆ, ಮೇಜಿನ ಮೇಲಿನ ಪುಸ್ತಕದ ಪ್ರಶ್ನೆಗೆ ಎರಡು ಜೋಡಿಗಳನ್ನೂ, ಅಂದರೆ ನಾಲ್ಕೂ ಬಲಗಳನ್ನು ‘ಯಾವುದು ಯಾವುದನ್ನು’ ಎಂದು ಪೂರ್ತಿ ವಾಕ್ಯದಲ್ಲಿ ಬರೆಯಲು ದಯವಿಟ್ಟು ತಿಳಿಸಿ.

— ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಕೆಲವು ಭೌತಶಾಸ್ತ್ರ ಬೋಧಕರು, ಮೈಸೂರು